ತಣ್ಣೀರಿನ ಮೇಲೆ ಬಿಸಿನೀರು

ನಮ್ಮ ಗೊನ್ಪೆಗೆ ತಲೆ ಇದೆ, ಒಳಗೆ ಏನಿದೆ ಎಂಬುದು ದೇವರಿಗೇ ಗೊತ್ತು. ತಲೆಯ ಮೇಲೆ ಕೂದಲಿದ್ದ ಕಾಲದಿಂದ ನಮ್ಮ ವಸತಿಗೃಹದ ಸ್ನಾನದ ತೊಟ್ಟಿ ನೋಡಿಕೊಳ್ಳುತ್ತಿರುವ ಮನುಷ್ಯ. ಈಗ ಬೋಳಾಗಿದ್ದಾನೆ. ಬಿಸಿನೀರಿನ ಬುಗ್ಗೆಯ ಜೊತೆಗೇ ಬಾಳಿದವನು ಅವತ್ತು ಮಾಡಿದ ಕೆಲಸ ನೋಡಿ: ತೊಳೆದು ಖಾಲಿ ಮಾಡಿದ ತೊಟ್ಟಿಗೆ ಮೊದಲು ತಣ್ಣೀರು ಬಿಟ್ಟ, ಆಮೇಲೆ ಅದರ ಮೇಲೆ ಬಿಸಿನೀರು.

ನಮ್ಮಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸುತ್ತಾರೆ. ತಣ್ಣೀರಿಗೆ ಬಿಸಿನೀರು ಸುರಿಯುವುದು ಹೆಣ ತೊಳೆಯುವಾಗ ಮಾತ್ರ. ಆ ನೀರಿಗೆ ಬದುಕಿರುವವರು ಇಳಿಯಬಾರದು. ಇದು ಈ ಕಣಿವೆಯಲ್ಲಿ ಹಾಲುಗೂಸಿಗೂ ಗೊತ್ತು.

ಅವತ್ತು ಅತಿಥಿಗಳಿರಲಿಲ್ಲ. ವರ್ಷಕ್ಕೊಮ್ಮೆ ತೊಟ್ಟಿ ತಿಕ್ಕಲು ಬಾಗಿಲು ಹಾಕುವ ದಿನ. ನಾನು ಅಂಗಳದಲ್ಲಿ ಮೇಪಲ್ ಎಲೆ ಗುಡಿಸುತ್ತಿದ್ದೆ. ನೀರು ಬೀಳುವ ಸದ್ದಿನಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಪೊರಕೆ ಹಿಡಿದುಕೊಂಡೇ ಒಳಗೆ ನುಗ್ಗಿದೆ.

"ಏನಯ್ಯಾ ಗೊನ್ಪೆ, ಯಾರ ಹೆಣ ತೊಳೆಯೋಕೆ ಹದ ಮಾಡ್ತಿದ್ದೀಯ?"

ಅವನ ಮುಖ ಸುಣ್ಣ ಬಳಿದ ಹಾಗಾಯಿತು. "ಬಿಸಿನೀರಿನ ಕೊಳವೆ ಕೆಮ್ಮಿ ಕೆಮ್ಮಿ ನಿಂತೇಹೋಯ್ತು ಕಣಕ್ಕಾ. ಅದು ಮತ್ತೆ ಬರೋವರೆಗೂ ಸುಮ್ನೆ ಯಾಕೆ ಕೂರೋದು ಅಂತ ತಣ್ಣೀರು ಬಿಟ್ಟೆ. ಬಿಟ್ಟು ಆಚೆ ಬೀಡಿ ಸೇದಿ ಬರೋಷ್ಟರಲ್ಲಿ ಬಿಸಿನೀರು ಬಂದುಬಿಡ್ತು."

"ಬೀಡಿ ಸೇದೋಕೆ ಮಾತ್ರ ಪುರುಸೊತ್ತಿದೆ. ಎಳಿ ಬಿರಡೆ, ನೀರೆಲ್ಲ ಹೋಗ್ಲಿ. ಅಮ್ಮಾವ್ರ ಕಣ್ಣಿಗೆ ಬಿದ್ರೆ ಏನಾಗತ್ತೆ ಗೊತ್ತಾ?"

ಗೊತ್ತಿತ್ತು ಅವನಿಗೆ. ಅಂಗಿಯ ತೋಳು ಮಡಚಿ ತೊಟ್ಟಿಯ ತಳದವರೆಗೆ ಕೈ ಹಾಕಿ ಎಳೆದ. ಬಿರಡೆ ಕದಲಲಿಲ್ಲ. ನಾನೂ ಅವನ ಸೊಂಟ ಹಿಡಿದು ಎಳೆದೆ. ಕಲ್ಲಿಗೆ ಕಲ್ಲಾಗಿ ಕೂತುಬಿಟ್ಟಿತ್ತು ಅದು. ಅವನು ತೋಳು ಹೊರತೆಗೆದಾಗ ಬೆಂದು ಕೆಂಪಾಗಿತ್ತು. ಅಷ್ಟು ಸುಡುವ ನೀರು, ಹೊರಗೆ ಉಸಿರು ಬಿಟ್ಟರೆ ಹೊಗೆ ಕಾಣುವಂಥ ಚಳಿ. ಆದರೆ ತೊಟ್ಟಿಯ ಮೇಲೆ ಒಂದೆಳೆ ಹಬೆ ಇಲ್ಲ. ಇಬ್ಬರೂ ಅದನ್ನು ನೋಡಿದೆವು. ಹಾರೆ ತರುತ್ತೇನೆ ಎಂದು ಅವನು ಊರ ಕಡೆ ಇಳಿದುಹೋದ. ಓಡಿದ ಎಂದರೇ ಸರಿ.

ಅಮ್ಮಾವ್ರು ಎಂದರೆ ಮಿಸಾವೊ, ಈ ಮನೆಯ ಒಡತಿ. ಮದುವೆಯಾಗಿ ಇಲ್ಲಿಗೆ ಬಂದ ದಿನ ಅವರಿಗೆ ಕಿಮೊನೊ ಉಡಿಸಿದವಳು ನಾನೇ. ಅವರ ಗಂಡ, ನಮ್ಮ ಯಜಮಾನರು ಎಯ್‌ನೊಸುಕೆ, ಹಿಂದಿನ ಚಳಿಗಾಲದಲ್ಲಿ ಬುಗ್ಗೆಯ ಬಾಯಿಗೆ ಗಂಧಕ ಕಟ್ಟಿಕೊಂಡಿದೆ, ಕೆರೆದು ಬರುತ್ತೇನೆ ಎಂದು ಒಬ್ಬರೇ ಬೆಟ್ಟ ಹತ್ತಿದರು. ಆ ಮಧ್ಯಾಹ್ನವೇ ಹಿಮ ಕುಸಿಯಿತು. ಊರಿಗೆ ಊರೇ ಸಲಿಕೆ ಹಿಡಿದು ಅಗೆಯಿತು. ಹಿಮ ಕರಗಿದ ಮೇಲೂ ಹುಡುಕಿದರು. ಒಂದು ಕೈಗವಸು ಕೂಡ ಸಿಗಲಿಲ್ಲ.

ಸಿಗದವರನ್ನು ಸತ್ತರು ಎನ್ನಲು ಮಿಸಾವೊ ಒಪ್ಪಲಿಲ್ಲ. ದೂರ ಹೋದವರು ಕ್ಷೇಮವಾಗಿರಲಿ ಎಂದು ಮನೆಯಲ್ಲಿ ಅವರ ಪಾಲಿನ ಊಟ ಬಡಿಸಿಡುವುದು ನಮ್ಮ ಪದ್ಧತಿ. ಸಾರಿನ ಬಟ್ಟಲಿನ ಮುಚ್ಚಳ ತೆಗೆದಾಗ ಒಳಗೆ ಹನಿ ಕಟ್ಟಿದ್ದರೆ ಹೋದವರು ಜೀವಂತ ಇದ್ದಾರೆಂದು ಅರ್ಥ. ಪ್ರತಿ ಸಂಜೆ ಯಜಮಾನರ ಜಾಗದಲ್ಲಿ ಊಟದ ಮಣೆ ಇಡುವುದು, ಮುಚ್ಚಳ ತೆಗೆಯುವುದು, "ನೋಡಿ ಅಕ್ಕ, ಹನಿ ಇದೆ" ಎಂದು ಮಿಸಾವೊ ನಗುವುದು. ಬಿಸಿ ಸಾರಿಗೆ ಮುಚ್ಚಿದ ಮೇಲೆ ಹನಿ ಬಾರದೆ ಇನ್ನೇನು ಬರುತ್ತದೆ? ಆದರೆ ನಾನು ಹೇಳಲಿಲ್ಲ. ಆ ನಗು ಬಂದ ಮೇಲಷ್ಟೇ ಅವರ ಗಂಟಲಲ್ಲಿ ನಾಲ್ಕು ತುತ್ತು ಇಳಿಯುತ್ತಿತ್ತು. ಒಮ್ಮೆ, ಹೂ ಜೋಡಿಸುತ್ತಾ, ಹವೆಯ ಮಾತಾಡಿದಷ್ಟು ಸಲೀಸಾಗಿ, "ಅವ್ರು ಬರಲ್ಲ ಅಂತ ಗೊತ್ತಾದ ದಿನ ನಾನೇ ಹೋಗ್ತೀನಿ ಅಕ್ಕ" ಅಂದಿದ್ದರು. ಅಂದಿನಿಂದ ನನಗೆ ನಿದ್ದೆ ಕಡಿಮೆ.

ಅವತ್ತು ದೀಪ ಹಚ್ಚುವ ಹೊತ್ತಿಗೆ ಮಿಸೊ ಸಾರನ್ನು ಕುದಿಯುವಾಗಲೇ ಬಟ್ಟಲಿಗೆ ಹೊಯ್ದು ಮುಚ್ಚಿದೆ. ಯಾಕೋ ಮನಸ್ಸು ತಡೆಯಲಿಲ್ಲ, ನಡುಮನೆಯ ಹೊಸ್ತಿಲಲ್ಲೇ ಮುಚ್ಚಳ ಎತ್ತಿ ನೋಡಿದೆ. ಒಣಗಿತ್ತು. ಸಾರಿನಿಂದ ಹಬೆ ಏಳುತ್ತಿದೆ, ಮುಚ್ಚಳ ಮಾತ್ರ ಒಲೆಯ ಮುಂದೆ ಇಟ್ಟು ಒಣಗಿಸಿದ ಹಾಗಿದೆ. 

ಏನು ಮಾಡುತ್ತಿದ್ದೇನೆ ಎಂದು ಯೋಚಿಸಲೂ ಇಲ್ಲ. ಬೆರಳನ್ನು ಹೂದಾನಿಯ ನೀರಿಗೆ ಅದ್ದಿ ಮುಚ್ಚಳದ ಒಳಗೆ ಚಿಮುಕಿಸಿದೆ. ಹನಿಗಳು ನಿಲ್ಲಲಿಲ್ಲ, ಜಾರಿ ನೆಲಕ್ಕೆ ಬಿದ್ದವು. ಮತ್ತೆ ಚಿಮುಕಿಸಿದೆ. ಮತ್ತೆ ಜಾರಿದವು.

"ಬಿಡಿ ಅಕ್ಕ."

ಮಿಸಾವೊ ನನ್ನ ಹಿಂದೆಯೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

"ಅಮ್ಮಾವ್ರೇ, ಇದು ಹಳೇ ಮುಚ್ಚಳ, ಅರಗು ಹೋಗಿದೆ, ಬೇರೆ ತರ್ತೀನಿ..."

"ಬಿಡಿ ಅಂದೆ."

ಆಗ ಸ್ನಾನದ ಮನೆಯ ಕಡೆಯಿಂದ ಸದ್ದು ಬಂತು. ಮರದ ಬಕೆಟ್ಟನ್ನು ಕಲ್ಲಿನ ಮೇಲೆ ಇಟ್ಟ ಸದ್ದು. ಆಮೇಲೆ ಮೈಮೇಲೆ ನೀರು ಸುರಿದುಕೊಂಡ ಸದ್ದು. ಅದರ ಹಿಂದೆಯೇ ಒಬ್ಬ ಗಂಡಸು ಹಾಯಾಗಿ "ಆಹ್ಹಾ" ಎಂದದ್ದು. ಯಜಮಾನರು ಮೈಗೆ ನೀರು ಸುರಿದುಕೊಂಡರೆ ಆ ಉದ್ಗಾರ ಹೆಬ್ಬಾಗಿಲವರೆಗೂ ಕೇಳುತ್ತಿತ್ತು, ಅತಿಥಿಗಳು ನಗುತ್ತಿದ್ದರು. ಅದೇ ದನಿ. ಗೊನ್ಪೆ ಇನ್ನೂ ಬಂದಿರಲಿಲ್ಲ.

ಮಿಸಾವೊ ಓಡಿದರು. ನಾನೂ ಓಡಿದೆ, ಈ ಮಂಡಿನೋವು ಇಟ್ಟುಕೊಂಡು.

ಸ್ನಾನದ ಮನೆಯ ಹಿಂಬಾಗಿಲು, ಬೆಟ್ಟದ ಕಡೆಯದು, ತೆರೆದಿತ್ತು. ಅಲ್ಲಿಂದ ತೊಟ್ಟಿಯವರೆಗೆ ಬರಿಗಾಲಿನ ಹೆಜ್ಜೆಗಳು. ನೀರಿನ ಹೆಜ್ಜೆಗಳಲ್ಲ. ಒಂದೊಂದರಲ್ಲೂ ಹಿಮ ಇತ್ತು. ಹಿಮ ಬೀಳಲು ಇನ್ನೂ ಎಷ್ಟೋ ದಿನ ಬಾಕಿ ಇತ್ತು. ತೊಟ್ಟಿಯಲ್ಲಿ ಯಾರೂ ಇಲ್ಲ. ನಾವು ನೋಡುತ್ತಿದ್ದ ಹಾಗೇ ನೀರು ಮೇಲೇರಿತು, ದೊಡ್ಡ ಮೈಯವರು ಒಳಗೆ ಕೂತರೆ ಏರುವ ಹಾಗೆ, ಅಂಚು ದಾಟಿ ಝಳ್ಳೆಂದು ನಮ್ಮ ಕಾಲಿಗೆ ಹರಿಯಿತು.  ಹೆದರಿದೆ, ಸುಳ್ಳು ಯಾಕೆ ಹೇಳಲಿ, ಉಚ್ಚೆ ಹೋಗುವಷ್ಟು ಹೆದರಿದೆ.

ಮಿಸಾವೊ ಹೆದರಲಿಲ್ಲ. ಅವರ ಮುಖ ಅರಳಿತ್ತು. ಅದೇ ನನಗೆ ಹೆಚ್ಚು ಭಯ. "ಬಂದ್ರಿ," ಎಂದರು, ಉಟ್ಟ ಬಟ್ಟೆಯಲ್ಲೇ ತೊಟ್ಟಿಯ ಅಂಚಿಗೆ ಕಾಲಿಟ್ಟರು.

ಅವರ ಸೊಂಟಪಟ್ಟಿಯನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿದೆ. "ಅಮ್ಮಾವ್ರೇ, ಬೇಡ! ತಣ್ಣೀರಿನ ಮೇಲೆ ಬಿಸಿನೀರು ಬಿಟ್ಟಿದ್ದು ಇದು! ಇಳಿದ್ರೆ ಹತ್ತಿ ಬರೋ ನೀರಲ್ಲ!"

"ಗೊತ್ತು. ಬಿಡಿ ನನ್ನ."

ಹಕ್ಕಿಯಷ್ಟೂ ತೂಕವಿಲ್ಲದ ಹೆಂಗಸು, ನನ್ನನ್ನೇ ಎಳೆದುಕೊಂಡು ಹೋಗುತ್ತಿದ್ದರು. ಒಂದು ಕಾಲು ನೀರಿಗೆ ತಾಗುವುದರಲ್ಲಿತ್ತು. ಅವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತಾಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಖಾಲಿ ನೀರಿನ ಕಡೆ ತಿರುಗಿ ಬಾಯಿಗೆ ಬಂದ ಹಾಗೆ ಬೈದೆ.

"ಯಜಮಾನ್ರೇ! ನಾಚಿಕೆ ಆಗಲ್ವಾ ನಿಮಗೆ? ಹಿಮದಲ್ಲಿ ಒಬ್ರೇ ಹೋಗ್ಬೇಡಿ ಅಂತ ಬಡ್ಕೊಂಡೆ, ಕೇಳಿದ್ರಾ? ಈ ಹುಡುಗಿ ಒಂದು ತುತ್ತು ಅನ್ನಕ್ಕೆ ಒಂದು ಸಾರಿನ ಮುಚ್ಚಳ ನೋಡ್ಕೊಂಡು ಕೂತಿದ್ಲು ಇಷ್ಟು ದಿನ! ಸ್ನಾನ ಮಾಡೋಕೆ ಬಂದ್ರಾ, ಮಾಡಿ. ನಿಮಗೆ ಸಲ್ಲಬೇಕಾದ ನೀರೇ ಅದು, ಬೇಡ ಅನ್ನಲ್ಲ. ಬೆನ್ನು ಉಜ್ಜಿಸ್ಕೊಳ್ಳಿ. ಆದ್ರೆ ಇವ್ರನ್ನ ಒಳಗೆ ಕರೆದ್ರೋ, ನಾನೂ ಹಿಂದೆನೇ ಇಳಿದು ಬಂದು, ಆ ಲೋಕದಲ್ಲಿ ನಿಮಗೆ ಒಂದು ಕ್ಷಣ ನೆಮ್ಮದಿ ಕೊಡಲ್ಲ. ನನ್ನ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತು!"

ನೀರು ಅಲ್ಲಾಡುವುದು ನಿಂತಿತು. ಆಮೇಲೆ, ಕೂತವರು ಆಚೆ ತಿರುಗಿದರೆ ಆಗುವ ಹಾಗೆ, ನೀರಿನಲ್ಲಿ ಒಂದು ಸುಳಿ ಎದ್ದು ಅಡಗಿತು. ಅಂಚಿನ ಹತ್ತಿರ ನೀರು ಸ್ವಲ್ಪ ತಗ್ಗಾಗಿ ನಿಂತಿತು, ಒಂದು ಬೆನ್ನಿನಷ್ಟು ಅಗಲ.

ಮಿಸಾವೊ ಕಾಲು ಹಿಂದಕ್ಕೆ ತೆಗೆದುಕೊಂಡರು. ಅಂಚಿನ ಹೊರಗೆ, ಒದ್ದೆ ಕಲ್ಲಿನ ಮೇಲೆ ಮಂಡಿಯೂರಿದರು. ನಾನು ಗೂಟದ ಮೇಲಿದ್ದ ಟವೆಲ್ ಕೊಟ್ಟೆ. ಸೊಂಟಪಟ್ಟಿ ಮಾತ್ರ ಬಿಡಲಿಲ್ಲ.

ಟವೆಲ್ ಗಾಳಿಯಲ್ಲಿ ಚಾಚಿದರು. ಅದು ಗಾಳಿಯಲ್ಲೇ ನಿಂತಿತು, ಕೈಗೆ ಏನೋ ತಡೆದ ಹಾಗೆ. ಮಿಸಾವೊ ಬಾಯಿಂದ ಸಣ್ಣದೊಂದು ಸದ್ದು ಹೊರಟಿತು. ಆಮೇಲೆ ಉಜ್ಜಿದರು. ಭುಜ, ಬೆನ್ನು, ಕತ್ತಿನ ಹಿಂದೆ. "ಎಷ್ಟು ತಣ್ಣಗಿದ್ದೀರಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಬರಲ್ಲ ಅಂತ ಹೇಳಿ ಹೋಗ್ಬಾರದಿತ್ತಾ? ಊಟಕ್ಕೆ ಬರ್ತೀನಿ ಅಂದಿದ್ರಲ್ಲ. ಸುಳ್ಳ. ದೊಡ್ಡ ಸುಳ್ಳ ನೀವು." ಹೇಳುತ್ತಾ ಹೇಳುತ್ತಾ ಅಳು ಬಂತು. ಹಿಮ ಕುಸಿದಂದಿನಿಂದ ಆ ಹೆಂಗಸು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಳುತ್ತಲೇ ಬೈದರು, ಬೈಯುತ್ತಲೇ ಉಜ್ಜಿದರು. ನಾನು ಪಟ್ಟಿ ಹಿಡಿದು ಹಿಂದೆ ಕೂತು ಸೊರಸೊರ ಮೂಗು ಒರೆಸಿಕೊಂಡೆ.

ಕೊನೆಗೆ ಟವೆಲ್ ಸಡಿಲವಾಗಿ ಕೆಳಗೆ ಬಿತ್ತು. ನೀರು ತಗ್ಗಿತು, ಎದ್ದವರ ಮೈಯಿಂದ ಸುರಿದ ಹಾಗೆ ತೊಟತೊಟ ಹನಿಗಳು. ಕಲ್ಲಿನ ಮೇಲೆ ಹೊಸ ಹೆಜ್ಜೆ ಮೂಡಿತು. ಇದರಲ್ಲಿ ಹಿಮ ಇರಲಿಲ್ಲ. ನಮ್ಮ ಪಕ್ಕದಲ್ಲೇ ಹಾದು ಹಿಂಬಾಗಿಲ ಕಡೆ ಹೋಯಿತು. ಅದರ ಹಿಂದೆ ತೊಟ್ಟಿಯಿಂದ ಹಬೆ ಏಳತೊಡಗಿತು, ದಟ್ಟವಾಗಿ, ಯಾವತ್ತಿನಂಥದೇ ಹಬೆ.

ನಮ್ಮ ಮನೆಯಿಂದ ಯಾರೇ ಹೊರಟರೂ ಒಡತಿ ಬಾಗಿಲಲ್ಲಿ ಮಂಡಿಯೂರಿ ತಲೆ ಬಾಗಿಸಿ "ಹೋಗಿ ಬನ್ನಿ" ಎನ್ನಬೇಕು. ಹಾಲು ತರುವವನಿಗೂ ಅಂದ ಬಾಯಿ ಅದು, ಮಿಸಾವೊ ನಿದ್ದೆಯಲ್ಲೂ ಅಂದಾರು. ಅವರು ಎದ್ದು ಬಾಗಿಲಿಗೆ ಹೋಗಿ ಮಂಡಿಯೂರಿದರು. ಆ "ಬನ್ನಿ" ಅಂದುಬಿಟ್ಟರೆ ಯಜಮಾನರು ಬಂದೇ ಬರುತ್ತಾರೆ, ನಾಳೆ, ನಾಡಿದ್ದು, ಪ್ರತಿ ಸಂಜೆ. ಪಟ್ಟಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಆದರೆ ಈ ಮಾತನ್ನು ಅವರ ಬಾಯಿಂದ ತಡೆಯುವ ಹಕ್ಕು ನನಗಿರಲಿಲ್ಲ.

ಮಿಸಾವೊ ಹಣೆಯನ್ನು ನೆಲಕ್ಕೆ ತಾಗಿಸಿದರು. ಹೊರಗೆ ಹೆಜ್ಜೆ ನಿಂತಿತ್ತು, ಕಾಯುತ್ತಿತ್ತು.

"ಹೋಗಿ," ಎಂದರು.