ನಾಲ್ಕು ಸಲ ಒತ್ತಿದರೆ ಬೀಗ

ಟಕ್ ಅಂತು, ಮತ್ತೆ ಟಕ್, ಅತ್ತೆಯ ಕೈಯ ಪ್ಲಾಸ್ಟರ್ ಸೋಫಾದ ಕಟ್ಟಿಗೆಗೆ ತಾಗುವ ಸದ್ದು, ಕೈ ಆಡಿಸದೆ ಮಾತಾಡಲು ಬರುವುದೇ ಇಲ್ಲ ಇವರಿಗೆ, ಮುರಿದ ಕೈಯಾದರೂ ಸರಿ — ಅಡುಗೆಮನೆಯ ಗೋಡೆ ತೆಳು, ಕೂಕಟ್‌ಪಲ್ಲಿಯ ಫ್ಲ್ಯಾಟುಗಳೆಲ್ಲ ಹೀಗೇ, ಪಕ್ಕದ ಮನೆಯ ಕುಕ್ಕರಿನ ಸೀಟಿ ನಮ್ಮದೆಂದು ತಿಳಿದು ಗ್ಯಾಸು ಆರಿಸಿದ್ದೂ ಉಂಟು, ಇನ್ನು ನಾನು ಚಹಾದ ಪಾತ್ರೆಯಲ್ಲಿ ಚಮಚ ಎಷ್ಟು ಜೋರಾಗಿ ತಿರುವಿದರೆ ತಾನೇ ಹೊರಗಿನ ಮಾತು ಕೇಳಿಸದಿದ್ದೀತು. ಕೆಳಮನೆಯ ಪಾರ್ವತಿಬಾಯಿ ಬಂದಿದ್ದಾರೆ, ಬೀದರಿನವರು, ಮೋಸಂಬಿ ತಂದಿದ್ದಾರೆ, ಹೆಂಗಾತ್ರಿ ಗುರುಬಾಯಿ ಅಂದರು, ಅಷ್ಟೇ ಸಾಕಾಯಿತು, ಅತ್ತೆ ಮೊದಲಿನಿಂದ ಶುರು ಹಚ್ಚಿಕೊಂಡರು. ಕರೆಂಟ್ ಹೋಗಿತ್ರಿ, ಲಿಫ್ಟ್ ನಿಂತಿತ್ತು, ಸಂಜಿಮುಂದ ಹನುಮಪ್ಪನ ಗುಡಿಗೆ ಹೋಗೂಣಂತ ಮೆಟ್ಟಲಾ ಇಳಿಯಾಕತ್ತಿದ್ದೆ, ಕೈಯಾಗ ಸೊಸಿ ಮಾಡಿದ ಬ್ಯಾಟರಿ ಇತ್ತು — ಅತ್ತೆಗೆ ಟಾರ್ಚ್ ಅಂದರೆ ಬ್ಯಾಟರಿಯೇ, ತಿದ್ದಿ ತಿದ್ದಿ ಸೋತಿದ್ದೇನೆ — ಹೆಬ್ಬಟ್ಟಿನಷ್ಟ ಐತ್ರಿ, ಬೆಳಕು ಮಾತ್ರ ಲಾರಿದು, ಭಾಳ ಛಲೋ ಮಾಡ್ಯಾಳ ನಮ್ಮ ಭಕ್ತಿ, ಪರದೇಶದವರು ಕೇಳಿ ತರಿಸ್ಕೋತಾರ, ನನಗ ಒತ್ತಲಿಕ್ಕೆ ಬರಲಿಲ್ಲ ನೋಡ್ರಿ, ಹಳ್ಳಿ ಗುಗ್ಗು. ಒತ್ತಲಿಕ್ಕೆ ಬರಲಿಲ್ಲ, ಈ ಮಾತು ಯಾರಿಗೆ ಹೇಳಿಲ್ಲ ಇವರು, ಹಾಲಿನವನಿಗೆ, ವಾಚ್‌ಮನ್ನನ ಹೆಂಡತಿಗೆ, ಮೂಳೆ ಡಾಕ್ಟರಿಗೆ ತೆಲುಗಿನಲ್ಲಿ, ತಪ್ಪು ನಾದೇ ಸಾರ್ ಅಂತ ಕೈ ಮುಗಿಯಲು ಹೋದರೆ ಒಂದೇ ಕೈ ಎದ್ದಿತು. ನಾನು ಅಲ್ಲೇ ನಿಂತಿದ್ದೆ. ನಿನಗ ಒಂದೇ ಸಲ ಒತ್ತು ಅಂತ ಹೇಳಿದ್ದಿಲ್ಲೇನವ್ವಾ ಅಂತ ನನ್ನ ಗಂಡ ಶಾಂತಕುಮಾರ ಗದರಿದರು, ಮುಖ ಸಣ್ಣದು ಮಾಡಿಕೊಂಡು ಹೂಂನಪ್ಪಾ ಅಂದರು ಅತ್ತೆ, ಆಗಲೂ ನಾನು ಅಲ್ಲೇ ನಿಂತಿದ್ದೆ, ಬಾಯಲ್ಲಿ ಕಡುಬು ತುರುಕಿಕೊಂಡವಳ ಹಾಗೆ.

ಮೊದಲು ಒಂದೇ ಸಲ ಒತ್ತಿದ್ದಾರೆ, ಸರಿಯಾಗಿಯೇ ಒತ್ತಿದ್ದಾರೆ, ನನಗೆ ಗೊತ್ತು, ದೀಪ ಹತ್ತಿದೆ, ಆದರೆ ಹಿಂದಿನ ಸಲ ಎಷ್ಟು ಬೆಳಕಿನಲ್ಲಿ ಆರಿಸಿದ್ದರೋ ಅಷ್ಟೇ ಬೆಳಕಿನಲ್ಲಿ ಹತ್ತುವಂತೆ ಪ್ರೋಗ್ರಾಂ ಬರೆದವಳು ನಾನು, ಹಿಂದಿನ ಸಲ ಆರಿಸಿದವಳೂ ನಾನೇ, ತೀರ ಸಣ್ಣ ಬೆಳಕಿನಲ್ಲಿ ಸೆಲ್ಲು ಎಷ್ಟು ಉಳಿಯುತ್ತದೆ ಅಂತ ಅಳೆದು, ಹಿಗ್ಗಿ, ಹಾಗೇ ಆರಿಸಿ ಟೀವಿ ಪಕ್ಕ ಇಟ್ಟುಬಿಟ್ಟಿದ್ದೆ. ಕಿಟಕಿಯಿಲ್ಲದ ಮೆಟ್ಟಿಲು, ಮಿಣುಕು ಬೆಳಕು, ಸೆಲ್ಲು ಮುಗೀತು ಅಂದುಕೊಂಡಿರಬೇಕು, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಉದ್ದನೆಯ ಸ್ಟೀಲ್ ಬ್ಯಾಟರಿಯನ್ನು ಅಂಗೈಗೆ ಬಡಿದು ಬಡಿದು ಉರಿಸಿದ ಕೈ ಅದು, ಒತ್ತಿದ್ದಾರೆ, ಹೆದರಿ ಮತ್ತೆ ಮತ್ತೆ ಒತ್ತಿದ್ದಾರೆ, ಉಗುರಿನ ಅಂಚಿಗೆ ಅರಿಶಿನ ಹತ್ತಿದ ಆ ಹೆಬ್ಬೆರಳು ನನಗೆ ಕಾಣುತ್ತದೆ, ಕತ್ತಲಲ್ಲಿ ಒತ್ತುತ್ತಿದೆ, ಬಿಡುತ್ತಿದೆ, ಒತ್ತುತ್ತಿದೆ — ಬೇಗ ಬೇಗ ನಾಲ್ಕು ಸಲ ಒತ್ತಿದರೆ ಟಾರ್ಚಿಗೆ ಬೀಗ. ಇದ್ದ ಮಿಣುಕೂ ಹೋಯಿತು. ಆಮೇಲೆ ಎಷ್ಟು ಅದುಮಿದರೂ ಗುಂಡಿಯೊಳಗೆ ಒಂದು ಕೆಂಪು ಚುಕ್ಕೆ ಮಿಟುಕುತ್ತದೆ ಅಷ್ಟೇ, ಬೀಗ ಹಾಕಿದೆ ಅಂತ, ಬಲ್ಲವರಿಗೆ. ಕೆಂಪು ಕಣ್ಣು ಬಿಡ್ತ್ರಿ ಅದು, ಅನ್ನುತ್ತಿದ್ದಾರೆ ಅತ್ತೆ, ನಗುತ್ತಿದ್ದಾರೆ ಬೇರೆ, ಅದನ್ನ ನೋಡ್ಕೋತ ಕಾಲಿಟ್ಟೆ, ಅಲ್ಲಿ ಮೆಟ್ಟಲ ಇರಲಿಲ್ಲ.

ಬೀಗ ಬೇಕು, ಅದರಲ್ಲಿ ತಪ್ಪಿಲ್ಲ, ಜೇಬಿನಲ್ಲಿ ತಾನಾಗಿ ಹತ್ತಿದರೆ ಬಟ್ಟೆ ಸುಟ್ಟು ತೊಡೆ ಸುಡುವಷ್ಟು ಬಿಸಿ ಆ ಚೋಟುದ್ದದ ವಸ್ತುವಿಗೆ, ಆದರೆ ನಿಶಾಂತ ಹೇಳಿದ್ದ, ನನ್ನ ಜೊತೆ ಟಾರ್ಚ್ ಮಾಡುವ ನಿಶಾಂತ, ಕೋಠಿಯ ಬಜಾರಿನಲ್ಲಿ ಟಾರ್ಚಿನ ಸಾಮಾನು ಕೊಂಡು ಆಟೋ ಕಾಯುತ್ತ ನಿಂತಾಗ, ಅಕ್ಕಾ, ಹೆದರಿದವರು ಒಂದೇ ಸಲ ಒತ್ತಿ ಸುಮ್ಮನಿರಂಗಿಲ್ಲ, ಬೀಗ ಬಿದ್ದ ಮ್ಯಾಲೂ ಅದುಮಿ ಹಿಡಿದ್ರ ಒಂದೀಟು ಬೆಳಕರ ಬರಲಿ. ಬರುವಂತೆ ಮಾಡಬಹುದಿತ್ತು, ಪ್ರೋಗ್ರಾಂ ಇಡುವ ಚಿಪ್‌ನಲ್ಲಿ ಜಾಗವೂ ಇತ್ತು, ಅರ್ಧ ದಿನದ ಕೆಲಸ. ನಾನೇನಂದೆ, ಹೆದರೋರಿಗೆ ಮೇಣಬತ್ತಿ ಐತಲ್ಲೋ ಅಂದೆ. ಅವನು ನಗಲಿಲ್ಲ, ನಾನೊಬ್ಬಳೇ ನಕ್ಕೆ, ಸಾಲದ್ದಕ್ಕೆ ಮನೆಗೆ ಬಂದು ಟಾರ್ಚ್ ಹವ್ಯಾಸಿಗಳ ಆನ್‌ಲೈನ್ ಗುಂಪಿನಲ್ಲೂ ಅದನ್ನೇ ಬರೆದೆ, ಜಗತ್ತಿನ ಎಲ್ಲೆಲ್ಲಿಯದೋ ಗಂಡಸರು ನಕ್ಕರು, ಹೆಣ್ಣುಮಗಳಾಗಿ ಎಷ್ಟು ಖಡಕ್ಕಾಗಿ ಮಾಡಿದ್ದಾಳೆ ಅಂತ ಹೊಗಳಿದರು, ಉಬ್ಬಿಹೋದೆ, ಈಗ ನೆನೆದರೆ ಕಿವಿಯ ತುದಿಯವರೆಗೂ ಬಿಸಿ ಏರುತ್ತದೆ, ಥೂ. ಗುಂಡಿಯ ಒಳಗಿನ ತಗಡಿಗಾದರೆ ಎಷ್ಟು ಮರುಗಿದ್ದೆ — ಒಮ್ಮೆ ಒತ್ತಿದರೆ ಅದು ಒಮ್ಮೆ ತಾಗಿ ಸುಮ್ಮನಾಗುವುದಿಲ್ಲ, ನಡುಗುತ್ತದೆ, ತಾಗಿ ಬಿಟ್ಟು ತಾಗಿ ಬಿಟ್ಟು, ಆ ನಡುಕವನ್ನೆಲ್ಲ ಸೇರಿಸಿ ಒಂದೇ ಒತ್ತು ಅಂತ ಹಿಡಿಯಬೇಕು, ಅದಕ್ಕಾಗಿ ವಾರಗಟ್ಟಲೆ ಊಟ ಮರೆತು ಕೂತಿದ್ದೆ, ತಗಡಿನ ನಡುಕ ಮಾಫ್, ಮನುಷ್ಯರ ನಡುಕಕ್ಕೆ ಬೀಗ, ಮತ್ತೆ ಆ ಹೆಬ್ಬೆರಳು, ಅರಿಶಿನದ ಅಂಚು, ಒತ್ತುತ್ತಿದೆ.

ಚಹಾ ಸೋಸಿದೆ, ಹೇಳಿಬಿಡಬೇಕು, ಪಾರ್ವತಿಬಾಯಿ ಇದ್ದಾಗಲೇ ಹೇಳಬೇಕು, ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡಿದ್ದಾರೆ ಅವರು, ನಾನು ಗುಟ್ಟಾಗಿ ಒಪ್ಪಿಕೊಂಡರೆ ಯಾವ ನ್ಯಾಯ — ಬ್ಯಾಟರಿದೇನರ ತಪ್ಪೈತೇನ್ರಿ ಮತ್ತ, ಅಂತ ಪಾರ್ವತಿಬಾಯಿಯೇ ಕೇಳಿದರು, ಛೇ ಛೇ, ಕುಣಿಯಲಿಕ್ಕೆ ಬಾರದಾಕಿ ಅಂಗಳ ಡೊಂಕು ಅಂದಳಂತ, ಹಂಗಾಗಬಾರದ್ರಿ, ಅಂದರು ಅತ್ತೆ. ಅಂಗಳ ಡೊಂಕೇ ಇತ್ತಲ್ಲ, ಡೊಂಕು ಮಾಡಿದವಳು ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಾಳಲ್ಲ. ತಪ್ಪು ನಂದೈತ್ರಿ ಅತ್ತೇರ, ಅಂದೆ, ನನ್ನ ಧ್ವನಿ ನನಗೇ ಬೇರೆಯವರದು ಅನ್ನಿಸಿತು, ನೀವು ಬರೋಬರಿ ಒತ್ತೀರಿ, ನಾ ಮಾಡಿದ್ದ ತಪ್ಪೈತಿ, ಹಿಂಗಾಗತೈತಿ ಅಂತ ನಿಶಾಂತ ಹೇಳಿದ್ರೂ ಕೇಳಲಿಲ್ಲ ನಾನು. ಪ್ಲಾಸ್ಟರಿನ ಸದ್ದು ನಿಂತಿತು. ಅತ್ತೆ ನನ್ನನ್ನೇ ನೋಡಿದರು, ಕಣ್ಣು ತುಂಬಿಕೊಂಡರು, ಈಗ ಬೈಯುತ್ತಾರೆ, ಬೈಯಲಿ, ದೇವರೇ ಬೈಯಲಿ — ಕೇಳಿದ್ರಿಲ್ಲೋ ಪಾರ್ವತಿಬಾಯಿ, ನನ್ನ ಮನಸಿಗೆ ಹತ್ತಬಾರದಂತ ತನ್ನ ಮ್ಯಾಲ ಹಾಕ್ಕೋತಾಳ, ಇಂಥ ಸೊಸಿ ಯಾರಿಗೆ ಸಿಗತಾಳ್ರಿ. ಪುಣ್ಯಾ ಮಾಡೀರಿ ಅಂದರು ಪಾರ್ವತಿಬಾಯಿ. ಭೂಮಿ ಬಾಯಿ ಬಿಡಬಾರದೆ, ಮೂರನೇ ಮಹಡಿಯಲ್ಲಿ ಭೂಮಿ ಎಲ್ಲಿಂದ ಬರಬೇಕು, ಇಲ್ಲರಿ ಖರೇನ ಹೇಳಾಕತ್ತೀನಿ ಅಂದೆ, ಸುಮ್ನಿರು ಹುಚ್ಚಿ, ಅಂದರು, ಎಡಗೈಯಿಂದ ನನ್ನ ಗಲ್ಲ ಸವರಿದರು, ನಿಜ ಹೇಳಿ ಒಳ್ಳೆಯವಳಾಗಿಬಿಟ್ಟೆ, ಇದಕ್ಕಿಂತ ಸುಮ್ಮನಿದ್ದುದೇ ವಾಸಿಯಿತ್ತು.

ಬ್ಯಾಟರಿ ಕೊಡಿಲ್ಲೆ, ಇವರಿಗೆ ತೋರಸೂಣು, ಈಗರ ಬರೋಬರಿ ಕಲಿತೀನಿ, ಅಂದರು, ಕೊಟ್ಟೆ, ಬಲಗೈ ಕೊರಳಿಗೆ ತೂಗಿದೆ, ಎಡಗೈಯಲ್ಲಿ ಹಿಡಿದರು, ಹೆಬ್ಬೆರಳು ಗುಂಡಿಯ ಮೇಲೆ ಬಂತು, ನಿಂತಿತು. ನನ್ನ ಮುಖ ನೋಡಿದರು. ಒತ್ತಲೇನವ್ವಾ, ಅಂತ ಕೇಳಿದರು. ಕೇಳದೆ ನನ್ನ ಕಪಾಟು ತೆಗೆಯುವವರು, ಕೇಳದೆ ನನ್ನ ಪಲ್ಯಕ್ಕೆ ಉಪ್ಪು ಸುರಿಯುವವರು, ಒಂದು ಗುಂಡಿ ಒತ್ತಲು ನನ್ನನ್ನು ಕೇಳುತ್ತಿದ್ದಾರೆ — ಒತ್ತರಿ ಅನ್ನಬೇಕು, ಗುಂಡಿಯಿಂದ ಕೂದಲೆಳೆಯಷ್ಟು ಮೇಲೆ ಆ ಹೆಬ್ಬೆರಳು, ಉಗುರಿಗೆ ಅರಿಶಿನವಿಲ್ಲ, ಅಡುಗೆಮನೆಗೆ ಬಂದು ಎಷ್ಟು ದಿನವಾಯಿತು, ಹೆಬ್ಬೆರಳು, ನಡುಗುತ್ತಿದೆ, ಒತ್ತುತ್ತಿಲ್ಲ, ಹೆಬ್ಬೆರಳು