ಕೂಮ ನೋಡಿದ ಗಾಡಿ

ಟಪ್.

ಬಿಲ್ಯಾನಾ ಕಣ್ಣು ತೆರೆದಳು. ಅವಳಿ ಕೂಸುಗಳಲ್ಲಿ ಚಿಕ್ಕದರ ಉಸಿರನ್ನು ಆಲಿಸುತ್ತಲೇ ಮಲಗುವುದು ಎಂಟು ತಿಂಗಳಿಂದ ಅವಳಿಗೆ ರೂಢಿ. ಇದು ಉಸಿರಿನ ಸದ್ದಲ್ಲ, ಅಡುಗೆಮನೆಯ ನಲ್ಲಿಯದೂ ಅಲ್ಲ. ಕಿಟಕಿಯ ಕೆಳಗೆ ಅಂಗಳದಲ್ಲಿ, ಸಂಜೆ ತಂದು ನಿಲ್ಲಿಸಿದ್ದ ನೀಲಿ ವ್ಯಾನಿನ ಕಡೆಯಿಂದ ಬರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಪ್.

"ನೆಬೊಯ್ಶಾ, ಏಳು. ವ್ಯಾನು ಸೋರ್ತಿದೆ."

"ಏಸಿ ನೀರು," ಎಂದ ಗಂಡ, ದಿಂಬಿನಿಂದ ಮುಖ ಎತ್ತದೆ.

"ಅಕ್ಟೋಬರಿನಲ್ಲಿ ಏಸಿ ಯಾರು ಹಾಕಿದ್ರು?"

"ಹಾಗಾದ್ರೆ ಇಬ್ಬನಿ. ಕೂಮ ನೋಡಿದಾನಲ್ಲ, ಮಲಕ್ಕೋ."

ಕೂಮ ನೋಡಿದಾನೆ. ಎರಡು ವಾರಗಳಿಂದ ಈ ಮನೆಯಲ್ಲಿ ಯಾವ ಪ್ರಶ್ನೆ ಕೇಳಿದರೂ ಇದೊಂದೇ ಉತ್ತರ. ಕೂಮ ಎಂದರೆ ತಿಹೊಮಿರ್, ಗಂಡಹೆಂಡಿರ ಮದುವೆಯಲ್ಲಿ ಮೇಣದಬತ್ತಿ ಹಿಡಿದು ಪಕ್ಕದಲ್ಲಿ ನಿಂತ ಧರ್ಮಬಂಧು. ದೊಡ್ಡ ಹೆಣ್ಣುಮಕ್ಕಳಿಬ್ಬರನ್ನೂ ದೀಕ್ಷಾಸ್ನಾನಕ್ಕೆ ಎತ್ತಿಕೊಂಡವನು, ಈ ಭಾನುವಾರ ಅವಳಿಗಳನ್ನೂ ಎತ್ತಿಕೊಳ್ಳಬೇಕಾದವನು. ಒಡಹುಟ್ಟಿದವನ ಜೊತೆ ಜಗಳವಾಡಿ ಮತ್ತೆ ಒಂದಾಗಬಹುದು, ಕೂಮನ ಮುಖ ಮುರಿದರೆ ಮಾತ್ರ ಮನೆಗೇ ಕೇಡು ಎಂದು ಅತ್ತೆ ರೂಜಾ ನಂಬಿದ್ದಳು. ಅವಳ ಮಗನೂ ನಂಬಿದ್ದ.

ಬಿಲ್ಯಾನಾ ಕೇಳಿದ್ದು ಎರಡೇ ಎರಡು: ಗಾಡಿಯಲ್ಲಿ ಏಳು ಸೀಟಿರಬೇಕು, ದಾರಿಯಲ್ಲಿ ನಿಲ್ಲಬಾರದು. ಆಗಸ್ಟಿನಲ್ಲಿ ಉಸಿರಿನ ತೊಂದರೆಯಿದ್ದ ಆ ಚಿಕ್ಕ ಕೂಸನ್ನು ನೀಶ್‌ನ ಆಸ್ಪತ್ರೆಗೆ ಒಯ್ಯುವಾಗ ಹಳೆಯ ಕಾರು ಗ್ರಾಮಾದಾ ಘಾಟಿಯ ತಿರುವಿನಲ್ಲಿ ಉಸಿರು ಬಿಟ್ಟಿತ್ತು. ಯಾರೋ ಲಾರಿಯವನು ಹತ್ತಿಸಿಕೊಳ್ಳುವವರೆಗಿನ ನಲವತ್ತು ನಿಮಿಷ ಅವಳು ಮಗುವಿನ ತುಟಿಯ ಬಣ್ಣವನ್ನೇ ನೋಡುತ್ತ ರಸ್ತೆಬದಿಯಲ್ಲಿ ಕೂತಿದ್ದಳು. ಆಮೇಲೆ ಅವಳೇ ಹುಡುಕಿ ಹುಡುಕಿ ಸ್ವರ್ಲಿಗ್‌ನಲ್ಲಿ ಒಂದು ಬೂದು ವ್ಯಾನನ್ನು ಕಂಡುಕೊಂಡಿದ್ದಳು. ನಿವೃತ್ತ ಸಂಗೀತ ಮೇಷ್ಟ್ರದು. ಆಲಿಕಲ್ಲು ಬಿದ್ದು ಮೈಯೆಲ್ಲ ತಗ್ಗು, ಪಕ್ಕದ ಬಾಗಿಲಿಗೆ ಮಂಡಿ ಕೊಟ್ಟರೇ ತೆರೆಯುವುದು. ಆದರೆ ಒಂದೊಂದು ರಿಪೇರಿಯನ್ನೂ ಮೇಷ್ಟ್ರು ತಾರೀಖು ಸಮೇತ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿಟ್ಟಿದ್ದರು.

"ಸಿಡುಬು ಬಂದ ಹಾಗಿದೆಯಲ್ಲೇ, ಬಿಲ್ಯಾ!" ಎಂದು ತಿಹೊಮಿರ್ ಫೋಟೋ ನೋಡಿ ನಕ್ಕಿದ್ದ. "ಇದ್ರಲ್ಲಿ ಚರ್ಚಿಗೆ ಬಂದ್ರೆ ಪಾದ್ರಿ ಮಕ್ಕಳಿಗಿಂತ ಮೊದಲು ಗಾಡಿಗೆ ಪ್ರಾರ್ಥನೆ ಮಾಡ್ತಾರೆ."

ಮೂರನೆಯ ದಿನ ಅವನು ಈ ನೀಲಿ ವ್ಯಾನನ್ನು ತೋರಿಸಿದ. ತಿಹೊಮಿರ್‌ನ ಹೆಂಡತಿಯ ತಮ್ಮ ಸ್ರೆತೆನ್ ಜರ್ಮನಿಯಿಂದ ತರಿಸಿದ್ದು. ಕನ್ನಡಿಯಂತೆ ಹೊಳೆಯುತ್ತಿತ್ತು. ಶನಿವಾರ ಬೆಳಿಗ್ಗೆ ನೋಟರಿಯ ಮುಂದೆ ರುಜು, ಹಿಂದಿನ ರಾತ್ರಿ ಗಾಡಿ ಇವರ ಅಂಗಳದಲ್ಲೇ ಇರಲಿ ಎಂದಾಯಿತು. ಗಾಡಿ ಅಂಗಳಕ್ಕೆ ಬಂದ ಮೇಲೆ ಸುಮ್ಮನಿರುವುದುಂಟೇ? ನೆಬೊಯ್ಶಾ ರುಜುವಿಗೂ ಕಾಯದೆ ಗಾಡಿ ಕೊಂಡ ಔತಣ ಮಾಡಿಯೇಬಿಟ್ಟ. ಅರ್ಧ ಕುರಿಮರಿ ಸುಟ್ಟದ್ದಾಯಿತು, ರಾಕಿಯಾ ಕುಡಿದದ್ದಾಯಿತು. ದೃಷ್ಟಿಯಾಗದಿರಲಿ ಎಂದು ಕೂಮ ತನ್ನ ಕೈಯಾರೆ ವ್ಯಾನಿನ ಕನ್ನಡಿಗೆ ಕೆಂಪು ದಾರ ಕಟ್ಟಿದ. ಔತಣ ಉಂಡು ದಾರ ಕಟ್ಟಿದ ಮೇಲೆ, ಈ ಗಾಡಿ ನಮಗೆ ಬೇಡ ಎನ್ನಲು ಯಾವ ಬಾಯಿ ಇದೆ?

ಅವಳು ಸ್ವೆಟರ್ ಹಾಕಿಕೊಂಡು, ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡು ಕೆಳಗಿಳಿದಳು. ಒಂದು ರಟ್ಟನ್ನು ವ್ಯಾನಿನ ಅಡಿಗೆ ಸರಿಸಿ ಫೋನಿನ ಬೆಳಕು ಬಿಟ್ಟಳು. ಗುಲಾಬಿ ಬಣ್ಣದ ಹನಿ. ಬೆರಳಿಗೆ ಅಂಟು, ಮೂಗಿಗೆ ಸಿಹಿ ವಾಸನೆ. ಎಂಜಿನ್ನಿನ ಬಿಸಿ ಇಳಿಸುವ ನೀರು. ಹಳೆಯ ಕಾರು ಘಾಟಿಯಲ್ಲಿ ನಿಂತಾಗಲೂ ಇದೇ ವಾಸನೆ ಬಂದಿತ್ತು. ಬಾನೆಟ್ ಎತ್ತಿದಳು. ಒಳಗೆ, ಮೂಲೆಯಲ್ಲಿ, ಯಾವುದೋ ಜರ್ಮನ್ ಗ್ಯಾರೇಜಿನವರು ತಂತಿಯಲ್ಲಿ ಕಟ್ಟಿದ್ದ ಕೊಳಕು ಚೀಟಿ ಇತ್ತು. ಐದು ವರ್ಷದ ಹಿಂದಿನ ತಾರೀಖು, ಎರಡು ಲಕ್ಷ ತೊಂಬತ್ತನಾಲ್ಕು ಸಾವಿರ ಕಿಲೋಮೀಟರ್. ಸ್ಟೀರಿಂಗಿನ ಹಿಂದಿನ ಮೀಟರ್ ಈಗ ತೋರಿಸುತ್ತಿದ್ದುದು ಒಂದು ಲಕ್ಷ ಐವತ್ತೆಂಟು ಸಾವಿರ.

ಮೇಲೆ ಹೋಗಿ ಗಂಡನನ್ನು ಮತ್ತೆ ಎಬ್ಬಿಸಿದಳು.

"ಎಲ್ರೂ ಹಿಂದಕ್ಕೆ ತಿರುಗಿಸ್ತಾರೆ ಕಣೇ," ಎಂದ ಅವನು. "ತಿರುಗಿಸದೆ ಇರೋ ಮೀಟರ್ ಇಡೀ ಸರ್ಬಿಯಾದಲ್ಲಿ ಒಂದು ತೋರಿಸು."

"ಮತ್ತೆ ಆ ನೀರು?"

"ಬಿಲ್ಯಾ, ಭಾನುವಾರ ಅವನು ನನ್ನ ಮಕ್ಕಳನ್ನ ಎತ್ಕೋಬೇಕು. ಶನಿವಾರ ನಾನು ಅವನ ಭಾಮೈದನ್ನ ಕಳ್ಳ ಅನ್ಲಾ? ನೀನೇ ಹೇಳು, ಅನ್ಲಾ?"

ಎರಡೇ ನಿಮಿಷದಲ್ಲಿ ಅವನ ಗೊರಕೆ ಕೇಳಿಸಿತು. ಕೂಮ ನೋಡಿದ ಗಾಡಿ ಬೇಡ ಎಂದು ಕೂಮನಲ್ಲದೆ ಬೇರೆ ಯಾರೂ ಹೇಳುವಂತಿಲ್ಲ. ಸರಿ, ಅವನೇ ಹೇಳಲಿ.

ಮತ್ತೆ ಕೆಳಗಿಳಿದಳು. ಹಳೆಯ ಕಾರು ಹೋದ ಚಳಿಗಾಲದಲ್ಲಿ ಎರಡು ಸಲ ಕೈಕೊಟ್ಟು ಅವಳಿಗೆ ಒಂದು ವಿದ್ಯೆ ಕಲಿಸಿತ್ತು: ಪಂಪಿನ ಫ್ಯೂಸಿಲ್ಲದಿದ್ದರೆ ಎಂಜಿನ್ ಹೊತ್ತುವುದಿಲ್ಲ. ಬಾನೆಟ್ಟಿನ ಕೆಳಗಿನ ಕಪ್ಪು ಡಬ್ಬಿಯ ಮುಚ್ಚಳ ತೆಗೆದು, ಅದರ ಒಳಬದಿಯ ಚಿತ್ರದಲ್ಲಿ ಪೆಟ್ರೋಲ್ ಪಂಪಿನ ಗುರುತು ಹುಡುಕಿ, ಆ ಜಾಗದ ಫ್ಯೂಸನ್ನು ಉಗುರಿನಿಂದ ಮೀಟಿ ಕಿತ್ತಳು. ಹಳದಿ ಬಣ್ಣದ್ದು, ಹಲ್ಲಿನಷ್ಟು ಚಿಕ್ಕದು. ಅದನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡಳು. ಮುಚ್ಚಳ ಸರಿಯಾಗಿ ಕೂತಿತೋ ಇಲ್ಲವೋ ನೋಡುವ ಧೈರ್ಯವಾಗಲಿಲ್ಲ.

ಎಂಟು ಗಂಟೆಗೆ ತಿಹೊಮಿರ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದ. ಅತ್ತೆ ರೂಜಾ ಕಾಫಿ ತಂದಳು. "ಬನ್ನಿ, ಬನ್ನಿ, ಸ್ರೆತೆನ್ ನೋಟರಿ ಹತ್ರ ಕಾಯ್ತಿದಾನೆ," ಎನ್ನುತ್ತ ತಿಹೊಮಿರ್ ತಾನೇ ವ್ಯಾನಿನಲ್ಲಿ ಕೂತು ಕೀಲಿ ತಿರುಗಿಸಿದ. ವ್ಯಾನು ಕೆಮ್ಮಿತು, ಕೆಮ್ಮಿತು, ಎಚ್ಚರಗೊಳ್ಳಲಿಲ್ಲ.

"ನಮ್ಮ ಮೇಕೆ ಸಾಯೋ ಮುಂಚೆ ಹೀಗೇ ಮಾಡ್ತಿತ್ತು," ಎಂದಳು ಅತ್ತೆ.

"ಅಮ್ಮಾ, ನೀನು ಒಳಗೆ ಹೋಗು," ಎಂದ ನೆಬೊಯ್ಶಾ.

"ಯಾಕೆ? ಮೇಕೇನೂ ಕೂಮನೇ ನೋಡಿ ಕೊಡಿಸಿದ್ದು."

ತಿಹೊಮಿರ್ ಬಾನೆಟ್ ಎತ್ತಿದ. ಬಿಲ್ಯಾನಾಳ ಮುಷ್ಟಿ ಸ್ವೆಟರಿನ ಜೇಬಿನೊಳಗೆ ಬಿಗಿಯಿತು. ಅವನ ಕೈ ಬ್ಯಾಟರಿಯ ತಂತಿಗಳನ್ನು ಅಲುಗಿಸಿ, ಕಪ್ಪು ಡಬ್ಬಿಗೆ ಬಂದು, ಸಡಿಲವಾಗಿದ್ದ ಮುಚ್ಚಳವನ್ನು ಎತ್ತಿ ಹಾಗೇ ನಿಂತಿತು. ಹೆಬ್ಬೆರಳು ಸಾಲಿನ ಮೇಲೆ ಹರಿದು ಖಾಲಿ ಜಾಗವೊಂದರಲ್ಲಿ ತಂಗಿತು. ಅವನು ಜರ್ಮನ್ ಚೀಟಿಯನ್ನು ನೋಡಿದ. ಬಗ್ಗಿ ರಟ್ಟಿನ ಮೇಲಿನ ಗುಲಾಬಿ ಕಲೆಯನ್ನು ನೋಡಿದ. ಕೊನೆಗೆ ತಲೆಯೆತ್ತಿ ಅವಳನ್ನು, ಅವಳ ಜೇಬನ್ನು ನೋಡಿದ.

ಅವಳು ಕಣ್ಣು ತಗ್ಗಿಸಲಿಲ್ಲ. ಭಾನುವಾರವೂ ಇಲ್ಲ, ಕೂಮನೂ ಇಲ್ಲ, ಎಲ್ಲ ಮುಗಿಯಿತು ಎಂದುಕೊಂಡಳು.

ತಿಹೊಮಿರ್ ಮುಚ್ಚಳವನ್ನು ಒತ್ತಿ ಕೂರಿಸಿದ. "ಇದರ ಕಂಪ್ಯೂಟರ್ ಸುಟ್ಟಿದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಇದು ರಿಪೇರಿ ಆಗೋದಲ್ಲ." ಫೋನ್ ತೆಗೆದ. "ಸ್ರೆತೆನ್? ಬಂದು ನಿನ್ನ ತಗಡನ್ನ ಎಳ್ಕೊಂಡು ಹೋಗೋ. ಇಲ್ಲ, ಇದ್ರಲ್ಲಿ ನಾನು ಎತ್ಕೊಳ್ಳೋ ಮಕ್ಕಳನ್ನ ಕೂರಿಸಲ್ಲ. ಹೇಳ್ಕೋ ಹೋಗು ನಿನ್ನ ಅಕ್ಕನ ಹತ್ರ! ಎರಡು ವಾರದಿಂದ ಅವಳು ನನ್ನ ತಲೆ ತಿಂದಿದ್ದು ಸಾಲದಾ?"

ಫೋನ್ ಇಟ್ಟಾಗ ಅವನ ಭುಜಗಳು ತುಸು ಇಳಿದವು. ಯಾರಿಗೆ ಬೇಡ ಎನ್ನಲಾಗದೋ ಅಂಥವರು ಅವನ ಮನೆಯಲ್ಲೂ ಇದ್ದರು. ಬಿಲ್ಯಾನಾ ಅದನ್ನು ಯೋಚಿಸಿಯೇ ಇರಲಿಲ್ಲ.

ಅತ್ತೆ, ಮಗ ಒಳಗೆ ಹೋದ ಮೇಲೆ ಅವನು ಕನ್ನಡಿಯಿಂದ ಕೆಂಪು ದಾರವನ್ನು ಬಿಚ್ಚಿದ. ಒಂದು ಕೈಯಲ್ಲಿ ದಾರ ಹಿಡಿದು ಇನ್ನೊಂದು ಅಂಗೈಯನ್ನು ಅವಳ ಮುಂದೆ ಚಾಚಿದ. ಅವಳು ಫ್ಯೂಸನ್ನು ಅದರಲ್ಲಿಟ್ಟಳು. ಅದು ಅವನ ಕೋಟಿನ ಒಳಜೇಬಿಗೆ ಹೋಯಿತು. ದಾರ ಅವಳ ಕೈಗೆ ಬಂತು.

"ಆ ಸಿಡುಬಿನ ಗಾಡಿ ಇನ್ನೂ ಇದ್ಯಾ?"

"ನಿನ್ನೆವರೆಗೂ ಇತ್ತು, ಕೂಮ."

"ಮೇಷ್ಟ್ರಿಗೆ ಫೋನ್ ಮಾಡು. ಇವತ್ತೇ ಹೋಗೋಣ."

ಅವನು ಕಾಫಿಗೆ ಒಳನಡೆದ. ಬಾಗಿಲಿಗೆ ಬಂದ ನೆಬೊಯ್ಶಾನ ಮುಖ ಅರಳಿತ್ತು. "ನೋಡಿದ್ಯಾ?" ಎಂದ ಹೆಂಡತಿಗೆ. "ರಾತ್ರಿಯೆಲ್ಲ ನನ್ನ ಜೀವ ತಿಂದೆ. ಒಂದು ಸಲ ಬಾನೆಟ್ ಎತ್ತಿದ, ಹಿಡಿದ! ಕೂಮನ ಕಣ್ಣು ಅಂದ್ರೆ ಅದು!"

ಬಿಲ್ಯಾನಾಳ ಬಾಯಿಗೆ ಬಂದ ಮಾತು ದೊಡ್ಡದೇ ಇತ್ತು. ಹಲ್ಲು ಕಚ್ಚಿ ಅದನ್ನು ನುಂಗಿಕೊಂಡಳು. ಇವನಿಗಲ್ಲ, ಅತ್ತೆಗಲ್ಲ, ಮುಂದೆ ಮಕ್ಕಳು ದೊಡ್ಡವರಾದ ಮೇಲೆ ನಗೆಮಾತಿಗೂ ಅಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದಳು.

"ಹೌದು," ಎಂದಳು. "ಕೂಮ ನೋಡಿದ."

ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮೇಷ್ಟ್ರ ನಂಬರ್ ಒತ್ತಿದಳು. ಆ ಕಡೆ ಫೋನ್ ರಿಂಗಾಗುತ್ತಿತ್ತು. ಬೆನ್ನ ಹಿಂದೆ ರಟ್ಟಿನ ಮೇಲೆ ಇನ್ನೊಂದು ಹನಿ ಬಿತ್ತು.