ದೊಡ್ಡಪ್ಪನನ್ನು ಕೇಳದೆ

ನಮ್ಮದು ಹಲ್ಲಿನ ಕೆಲಸ. ಕೀಳುವುದಲ್ಲ, ಕಟ್ಟುವುದು. ದಂತವೈದ್ಯರು ರೋಗಿಯ ಬಾಯಿಯ ಅಳತೆಯನ್ನು ಕಂಪ್ಯೂಟರಿಗೆ ಕಳಿಸುತ್ತಾರೆ. ನಾನೂ ಅಣ್ಣನೂ ಅದಕ್ಕೆ ಹೊಂದುವ ಹಲ್ಲನ್ನು ತೆರೆಯ ಮೇಲೆ ತಿದ್ದಿ ತೀಡಿ ಹಿಂದಿನ ಕೋಣೆಯ ಯಂತ್ರಕ್ಕೆ ಕೊಡುತ್ತೇವೆ, ಅದು ಬಿಳಿ ಬಿಲ್ಲೆಯಿಂದ ಹಲ್ಲನ್ನು ಕೊರೆಯುತ್ತದೆ. ಇದೆಲ್ಲ ನಡೆಯುವುದು ಅಣ್ಣನ ಮನೆಯಲ್ಲೇ. ನಾನು ಪಕ್ಕದ ಬೀದಿಯಿಂದ ಬೆಳಿಗ್ಗೆ ಬಂದು ಸಂಜೆ ಹೋಗುವವಳು. ನಮ್ಮ ಕೆಲಸ ಏನೆಂದು ಗೊತ್ತಾದ ನೆಂಟರು ನಮ್ಮ ಮುಂದೆ ಬಾಯಿ ಬಿಡಲು ಹೆದರುತ್ತಾರೆ. ಅದೊಂದು ಲಾಭ.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಸರ್ವರ್ ಇದೆ. ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟವನು ಅಣ್ಣ. ಮನೆಯ ಯಾವ ಕಂಪ್ಯೂಟರಿನ ಮುಂದೆ ಕೂತು ಹೆಸರು, ಪಾಸ್‌ವರ್ಡ್ ಒತ್ತಿದರೂ ಅದು ತಾನಾಗಿ ಬಾಗಿಲು ತೆರೆಯುವುದಿಲ್ಲ. ಇವರು ನಮ್ಮವರೇ ಎಂದು ದೊಡ್ಡಪ್ಪನನ್ನು ಕೇಳುತ್ತದೆ. ದೊಡ್ಡಪ್ಪ ಹೂಂ ಅಂದರೆ ಒಳಗೆ, ಉಹೂಂ ಅಂದರೆ ಮನೆ ಯಜಮಾನನೇ ಆದರೂ ಹೊರಗೆ. ರೋಗಿಗಳ ಕೇಸುಗಳ ಕಡತಗಳೆಲ್ಲ ಇರುವುದು ಅದರ ಹೊಟ್ಟೆಯಲ್ಲೇ. ಇದನ್ನು ಸಂಭಾಳಿಸುವ ತಾಳ್ಮೆ ಅಣ್ಣನಿಗಿಲ್ಲ. ನನಗೂ ಇಲ್ಲ, ಆದರೆ ನಾನು ಬೈದುಕೊಂಡಾದರೂ ಮಾಡುತ್ತೇನೆ.

ಅಣ್ಣ ಬಿದ್ದ ಬೆಳಿಗ್ಗೆ ನಾನು ಮನೆಯಲ್ಲಿರಲಿಲ್ಲ. ಡಾಕ್ಟರೊಬ್ಬರಿಗೆ ಹಲ್ಲು ತಲುಪಿಸಲು ಹೋಗಿದ್ದೆ. ಅತ್ತಿಗೆಯ ಫೋನು ಬಂದಾಗ ಅವನನ್ನು ಆಗಲೇ ಆಸ್ಪತ್ರೆಗೆ ಒಯ್ಯುತ್ತಿದ್ದರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು, ಕೈಕಾಲೂ ಬಂದವು, ಮಾತೂ ಬಂತು. ಮಾತು ಬಂದದ್ದೇ ತಡ, ಅವನು ನನ್ನನ್ನು ಹತ್ತಿರ ಕರೆದು ಕೇಳಿದ್ದು ಇದು:

"ಅವಳು ಬಿಟ್ಟು ಹೋಗ್ತೀನಿ ಅಂದಿದ್ದಳಲ್ಲ, ಇನ್ನೂ ಯಾಕೆ ಇಲ್ಲೇ ಇದ್ದಾಳೆ?"

ಅತ್ತಿಗೆಯನ್ನು ಕೇಳಿದರೆ ಅವರು ಕಣ್ಣು ತುಂಬಿಕೊಂಡು, ಹಾಗೆ ನಾನ್ಯಾಕೆ ಅನ್ನಲಿ ಎಂದರು. ಡಾಕ್ಟರೂ ಅದನ್ನೇ ಹೇಳಿದರು. ಇಂಥ ರೋಗಿಗಳಿಗೆ ಬೀಳುವ ಮುಂಚಿನ ಗಂಟೆಗಳು ಅಳಿಸಿಹೋಗಿರುತ್ತವೆ, ಆ ಖಾಲಿ ಜಾಗವನ್ನು ತಲೆ ಏನಾದರೊಂದು ಕಥೆ ಕಟ್ಟಿ ತುಂಬಿಸುತ್ತದೆ, ವಾದ ಮಾಡಬೇಡಿ ಎಂದರು. ನಾವು ವಾದ ಮಾಡಲಿಲ್ಲ. ಆದರೆ ಅಣ್ಣನ ಕಥೆಗೆ ಕೈಕಾಲು ಚೆನ್ನಾಗಿಯೇ ಇದ್ದವು. ಅವನ ಪಾಸ್‌ವರ್ಡ್ ಮದುವೆಯಾದಾಗಿನಿಂದ ಒಂದೇ, ಅತ್ತಿಗೆಯನ್ನು ಅವನು ಮುದ್ದಿಗೆ ಕರೆಯುವ ಹೆಸರು: ಚಿನಕುರುಳಿ. ಇಂಗ್ಲಿಷ್ ಅಕ್ಷರದಲ್ಲಿ ಒತ್ತುವಾಗ ಕೊನೆಯ ಳಿಗೆ ಎರಡು ಎಲ್ ಹಾಕುತ್ತಿದ್ದ, ಒಂದು ಸಾಲದು ಅವಳಿಗೆ ಎನ್ನುತ್ತಿದ್ದ. ಆ ಬೆಳಿಗ್ಗೆ ಅತ್ತಿಗೆ ಹೊರಡುತ್ತೇನೆ ಎಂದಾಗ ಅವನಿಗೆ ತಲೆ ಕೆಟ್ಟು, ನೇರ ಕೆಲಸದ ಕೋಣೆಗೆ ಬಂದು, ಮೊದಲು ಕಣ್ಣಿಗೆ ಬಿದ್ದ ನನ್ನ ಖಾಲಿ ಕುರ್ಚಿಯಲ್ಲಿ ಕೂತು, ನನ್ನ ಕಂಪ್ಯೂಟರಿನಲ್ಲೇ ತನ್ನ ಹೆಸರಿನಿಂದ ಒಳಗೆ ಹೋಗಿ, ಆ ಹೆಸರನ್ನು ತೆಗೆದುಹಾಕಿ ಬೇರೆ ಪಾಸ್‌ವರ್ಡ್ ಇಟ್ಟನಂತೆ. ಎದ್ದು ಬಾಗಿಲವರೆಗೆ ಬಂದದ್ದು ನೆನಪಿದೆ, ಮುಂದಿನದು ಆಸ್ಪತ್ರೆಯ ಚಾವಣಿ.

ಮನೆಗೆ ಬಂದ ಮೇಲೆ ಅವನು ಆ ಮಾತೆತ್ತಲಿಲ್ಲ. ಅತ್ತಿಗೆ ಊಟ ಬಡಿಸುವಾಗ ಅವರ ಕೈಯನ್ನೇ ನೋಡುತ್ತಿದ್ದ. ಅವರು ರಾತ್ರಿ ನೀರು ಕುಡಿಯಲು ಎದ್ದರೂ ಇವನಿಗೆ ಎಚ್ಚರವಾಗುತ್ತದಂತೆ. ಮೈ ಸುಧಾರಿಸಿತು, ಈ ಮುಳ್ಳು ಮಾತ್ರ ಹೊರಬರಲಿಲ್ಲ.

ಮತ್ತೆ ಕೆಲಸಕ್ಕೆ ಕೂರಬಹುದು ಎಂದು ಡಾಕ್ಟರು ಒಪ್ಪಿದ ದಿನ ಅವನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಹೊಸದಾಗಿ ಶಾಲೆಗೆ ಸೇರಿದವನ ಹಾಗೆ ಬಂದ. ಬಿದ್ದ ದಿನದಿಂದ ಅವನ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ. ನಾನು ಧೂಳು ಒರೆಸಿ ಚಾಲೂ ಮಾಡಿಕೊಟ್ಟೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು.

ಅಣ್ಣ ತನ್ನ ಹೊಸ ಪಾಸ್‌ವರ್ಡ್ ಒತ್ತಿದ. ತಪ್ಪು ಎಂದಿತು ತೆರೆ. ಒಂದೊಂದೇ ಅಕ್ಷರ ನೋಡಿಕೊಂಡು ಮತ್ತೆ ಒತ್ತಿದ. ಮತ್ತೆ ತಪ್ಪು. ಅವನ ಕಿವಿ ಕೆಂಪಾಯಿತು. ನನ್ನ ಕಡೆ ತಿರುಗದೆ, ಎಲ್ಲರಿಗೂ ಗೊತ್ತಿದ್ದ ಹಳೆಯದನ್ನು ಮೆಲ್ಲಗೆ ಒತ್ತಿದ, ಎರಡು ಎಲ್ ಹಾಕಿ. ಬಾಗಿಲು ತೆರೆಯಿತು.

ಅವನು ನಗಲು ಶುರುಮಾಡಿದ. ಬಿದ್ದ ಮೇಲೆ ಅವನು ಹಾಗೆ ನಕ್ಕದ್ದೇ ಇರಲಿಲ್ಲ. ನಾನು ಬದಲಾಯಿಸಿಯೇ ಇಲ್ಲ ಕಣೇ ಎಂದು ಅತ್ತಿಗೆಗೆ ಹೇಳಿದ. ಬದಲಾಯಿಸಿಲ್ಲ ಎಂದ ಮೇಲೆ ನೀನೂ ಏನೂ ಅಂದಿಲ್ಲ, ಎಲ್ಲ ಈ ಹಾಳು ತಲೆ ಕಟ್ಟಿದ್ದು ಎಂದ. ತಲೆ ಹಾಳಾದದ್ದಕ್ಕೆ ಇಷ್ಟು ಸಂತೋಷಪಟ್ಟವನನ್ನು ನಾನು ಕಂಡಿಲ್ಲ. ಅತ್ತಿಗೆಯೂ ನಕ್ಕರು, ಚಹಾ ತರುತ್ತೇನೆಂದು ಒಳಗೆ ಹೋದರು. ನನಗೆ ಮಾತ್ರ ಸಂಕಟವಾಯಿತು. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಆ ಹಲ್ಲು ಕಟ್ಟಿಸಿಕೊಂಡವರು ಊಟ ಮಾಡುವಂತಿಲ್ಲ. ಇಲ್ಲದ ಬೆಳಗನ್ನೇ ಹೊಸೆದ ತಲೆಯನ್ನು ಆ ಕೆಲಸಕ್ಕೆ ಹೇಗೆ ನಂಬುವುದು?

ಆದರೆ ಒಳಗೆ ಹೋದ ಅಣ್ಣನಿಗೆ ಅಲ್ಲಿ ಏನೂ ಸಿಗಲಿಲ್ಲ. ಕೇಸುಗಳ ಕಡತ ತೆರೆಯಲಿಲ್ಲ. ನನ್ನ ಕಂಪ್ಯೂಟರಿನಲ್ಲೂ ಬೆಳಿಗ್ಗೆಯಿಂದ ಅದೇ ಗೋಳು, ನಾನು ಒಳಗೆ ಬಂದಿದ್ದೆ, ಕಡತಗಳು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ದಂತವೈದ್ಯರೊಬ್ಬರು ಫೋನು ಮಾಡಿ, ಮುಂದಿನ ಎರಡು ಹಲ್ಲಿಲ್ಲದ ಮದುಮಗನೊಬ್ಬ ತಮ್ಮ ಪ್ರಾಣ ತಿನ್ನುತ್ತಿದ್ದಾನೆಂದು ನನ್ನ ಪ್ರಾಣ ತಿಂದರು. ಅಣ್ಣನಿಗೆ ನೀನು ಚಹಾ ಕುಡಿದು ಮಲಗು ಎಂದು ಹೇಳಿ ಕಳಿಸಿ, ನಾನು ಮೇಜಿನ ಕೆಳಗೆ ತೂರಿದೆ.

ಕೇಬಲ್ ಸರಿಯಿತ್ತು. ದೊಡ್ಡಪ್ಪ ಬಿಸಿಯಾಗಿ ಗುಂಯ್ಗುಡುತ್ತ ಆರೋಗ್ಯವಾಗಿದ್ದ. ಅವನ ಪಕ್ಕದಲ್ಲಿ ಇಂಟರ್ನೆಟ್‌ನವರು ಹಿಂದಿನ ದಿನ ಸಂಜೆ ಬಂದು ಹಳೆಯದನ್ನು ಕಿತ್ತು ಹಾಕಿದ ಹೊಸ ರೌಟರ್ ಡಬ್ಬ ಮಿಣಮಿಣ ಎನ್ನುತ್ತಿತ್ತು. ತೊಂದರೆ ಅಣ್ಣನ ಲಾಗಿನ್ನಿನಲ್ಲಿ ಇರಬಹುದೆಂದು, ಅವನ ಹೆಸರಿನಲ್ಲಿ ನನ್ನ ಕಂಪ್ಯೂಟರಿನಿಂದ ಹೋಗಿ ನೋಡೋಣವೆಂದು ಕೂತೆ. ಚಿನಕುರುಳಿ ಒತ್ತಿದೆ. ತಪ್ಪು ಎಂದಿತು. ಎಲ್ ಎಣಿಸಿಕೊಂಡು ಮತ್ತೆ ಒತ್ತಿದೆ. ತಪ್ಪು.

ಅದೇ ಹೆಸರು, ಅದೇ ಪಾಸ್‌ವರ್ಡ್. ಅವನ ಕಂಪ್ಯೂಟರು ಬಾ ಎನ್ನುತ್ತದೆ, ನನ್ನದು ಹೋಗು ಎನ್ನುತ್ತದೆ. ಇಬ್ಬರೂ ಕೇಳುವುದು ಒಬ್ಬ ದೊಡ್ಡಪ್ಪನನ್ನೇ ಆದರೆ ಎರಡು ಉತ್ತರ ಬರುವುದು ಹೇಗೆ? ಬರುವುದಿಲ್ಲ. ಅಂದರೆ ಯಾರೂ ದೊಡ್ಡಪ್ಪನನ್ನು ಕೇಳುತ್ತಲೇ ಇಲ್ಲ.

ಅಲ್ಲಿಂದ ಮುಂದಿನದು ಸುಲಭ. ದೊಡ್ಡಪ್ಪ ಎಲ್ಲಿ ಎಂದು ಯಾರು ಕೇಳಿದರೂ ಮೆಟ್ಟಿಲ ಕೆಳಗಿನ ಗೂಡಿನ ಕಡೆ ಕೈ ತೋರಿಸುವಂತೆ ಹಳೆಯ ಡಬ್ಬಕ್ಕೆ ನಾನು ಕಲಿಸಿಟ್ಟಿದ್ದೆ. ಹೊಸ ಡಬ್ಬಕ್ಕೆ ನಮ್ಮ ಮನೆಯ ಪರಿಚಯವೇ ಇಲ್ಲ. ಅದು ತನಗೆ ತಿಳಿಯದ್ದನ್ನು ಹೊರಲೋಕದಲ್ಲಿ ವಿಚಾರಿಸಿ, ಅಂಥವರು ಯಾರೂ ಇಲ್ಲ ಎಂದು ಕೈಯಲ್ಲಾಡಿಸಿಬಿಡುತ್ತಿತ್ತು. ಹಿರಿಯರು ಸಿಗದಿದ್ದರೆ ಕಂಪ್ಯೂಟರುಗಳು ತಮ್ಮ ನೆನಪಿನ ಮೇಲೆ ನಡೆಯುತ್ತವೆ. ಈ ಮನುಷ್ಯ ಹಿಂದೆ ಇಲ್ಲಿಗೆ ಬಂದಾಗ ಏನು ಒತ್ತಿದ್ದನೋ ಅದನ್ನೇ ಒತ್ತಿದರೆ ಒಳಗೆ ಬಿಡುತ್ತವೆ. ಅಣ್ಣನ ಕಂಪ್ಯೂಟರಿಗೆ ನೆನಪಿದ್ದದ್ದು ಚಿನಕುರುಳಿ. ನನ್ನದಕ್ಕೆ ನೆನಪಿದ್ದದ್ದು ಅದಲ್ಲ. ಯಾಕೆಂದರೆ ಅವನು ಆ ಬೆಳಿಗ್ಗೆ ಇಲ್ಲಿ, ನನ್ನ ಕುರ್ಚಿಯಲ್ಲಿ ಕೂತು, ನಿಜವಾಗಿಯೂ ಬದಲಾಯಿಸಿದ್ದ.

ಅಣ್ಣನ ತಲೆ ಸರಿಯಾಗಿತ್ತು, ಅವನ ಕಂಪ್ಯೂಟರಿಗೆ ಮರೆವು. ಮೊದಲು ನನಗಾದದ್ದು ಖುಷಿ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅದರ ಇನ್ನೊಂದು ಅರ್ಥ ಹೊಳೆಯಿತು: ಅವನು ಬದಲಾಯಿಸಿದ್ದು ನಿಜವಾದರೆ ಅತ್ತಿಗೆ ಹೋಗುತ್ತೇನೆ ಅಂದದ್ದೂ ನಿಜ.

ನಾನು ಹೊಸ ಡಬ್ಬಕ್ಕೆ ಮನೆಯ ಪರಿಚಯ ಮಾಡಿಸಿದೆ. ಕಡತಗಳು ತೆರೆದವು. ಗೂಡಿನ ಮುಂದೆ ಮಂಡಿಯೂರಿ ಕೂತಿದ್ದಾಗ ಅತ್ತಿಗೆ ಚಹಾದ ಲೋಟ ಹಿಡಿದು ಬಂದರು. ಸರಿಹೋಯಿತೇ ಎಂದು ಕೇಳಿದರು. ಸರಿಹೋಯಿತು, ಇನ್ನು ಅಣ್ಣ ಹಳೆಯ ಪಾಸ್‌ವರ್ಡ್ ಒತ್ತಿದರೆ ತೆರೆಯುವುದಿಲ್ಲ ಎಂದೆ. ನನ್ನ ದನಿಯಲ್ಲಿ ಕಾರ ಇತ್ತು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಲೋಟವನ್ನು ಮೆಟ್ಟಿಲ ಮೇಲಿಟ್ಟು, ಕೆಳಗಿನ ಮೆಟ್ಟಿಲಲ್ಲಿ ಕೂತರು.

"ಅಂದಿದ್ದೆ" ಎಂದರು. "ಬೇರೆ ಊರಲ್ಲಿ ಕೆಲಸ ಸಿಕ್ಕಿತ್ತು, ರೂಮೂ ನೋಡಿ ಬಂದಿದ್ದೆ. ನನ್ನ ಮುಖ ನೋಡಿ ಎಷ್ಟು ಕಾಲ ಆಯ್ತು, ಬಾಯಿ ತೆಗೆದ್ರೆ ಹಲ್ಲು ನೋಡ್ತೀರ ಅಂತ ಅಂದೆ. ಹೋಗ್ತೀನಿ ಅಂದಿದ್ದೂ ಸುಳ್ಳಲ್ಲ, ಈಗ ಇರೋದೂ ಸುಳ್ಳಲ್ಲ. ಅದನ್ನ ಅವರಿಗೆ ಹೇಗೆ ತಿಳಿಸಲಿ? ಕಾಯಿಲೆ ಬಿದ್ದೆ ಅಂತ ಕನಿಕರಕ್ಕೆ ಉಳ್ಕೊಂಡಳು ಅಂದ್ಕೋತಾರೆ."

ಅವರು ದೊಡ್ಡಪ್ಪನ ಕಡೆ ನೋಡಿದರು.

"ಯಾರ ಪಾಸ್‌ವರ್ಡ್ ಆದ್ರೂ ಬದಲಾಯಿಸೋ ಬೀಗದ ಕೈ ನಿನ್ನ ಹತ್ರ ಇದೆಯಲ್ಲ. ಹಳೇದನ್ನೇ ಮಾಡಿಬಿಡು."

ಆಗುವುದಿಲ್ಲ ಎಂದುಬಿಟ್ಟೆ. ನೀವಿಬ್ಬರೂ ಏನಾದರೂ ಮಾಡಿಕೊಳ್ಳಿ, ಅವನ ತಲೆ ಕೆಟ್ಟಿದೆ ಎಂದು ಅವನನ್ನೇ ನಂಬಿಸುವ ಪಾಪ ನನಗೆ ಬೇಡ, ಇಷ್ಟು ದಿನ ನೀವು ಮಾಡಿದ್ದು ಸಾಕು ಎಂದೆ. ಅವರು ಎದ್ದು ಅಡುಗೆಮನೆಗೆ ಹೋದರು. ಚಹಾ ಆರಿತು. ಅವರ ಬೆನ್ನು ನೋಡಿ ನನಗೆ ಕೆಡುಕೆನಿಸಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಅಣ್ಣ ಮಲಗಿರಲಿಲ್ಲ. ಕಿಟಕಿಯ ಬಳಿ ಕೂತು ಬೀದಿ ನೋಡುತ್ತಿದ್ದ, ಹಾಡಿನಂಥದ್ದೇನೋ ಗುನುಗುತ್ತಿದ್ದ. ನಾನು ಬಾಗಿಲು ಮುಂದೆ ಮಾಡಿ, ಡಬ್ಬದ ಕಥೆಯನ್ನು ಮೊದಲಿಂದ ಹೇಳಿದೆ. ನಿನ್ನ ತಲೆಗೆ ಏನೂ ಆಗಿಲ್ಲ, ನೀನು ಬದಲಾಯಿಸಿದ್ದು ನಿಜ ಎಂದೆ. ಗುನುಗು ನಿಂತಿತು. ಅವನು ಬುದ್ಧಿವಂತ, ಒಂದರ ಹಿಂದೆ ಇನ್ನೊಂದು ಬರುತ್ತದೆಂದು ಅವನಿಗೆ ಹೇಳಬೇಕಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಒರೆಸುವುದನ್ನೇ ನೋಡಿದ. ನಾನೇ ಹೋಗಿ ಅವನ ಎದೆಗೆ ಒದ್ದು ಬಂದ ಹಾಗಾಯಿತು.

ಅವಳಿಗೆ ಗೊತ್ತಾಯಿತೇ ಎಂದು ಕೇಳಿದ. ಇಲ್ಲ ಎಂದೆ. ಹಾಗೇಕೆ ಅಂದೆನೋ ಇವತ್ತಿಗೂ ಗೊತ್ತಿಲ್ಲ.

"ಹಾಗಾದರೆ ಒಂದು ಕೆಲಸ ಮಾಡು" ಎಂದ. "ಹಳೇದನ್ನೇ ಇಟ್ಟುಬಿಡು. ನನಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳಬೇಡ. ಗೊತ್ತಾದರೆ ಅವಳು ಮತ್ತೆ ಯೋಚನೆ ಮಾಡ್ತಾಳೆ."

"ಅಲ್ಲ ಕಣೋ, ಒಂದು ಸಲ ಬಾಯಿಬಿಟ್ಟು ಕೇಳಬಾರದಾ?"

"ಕೇಳಿದರೆ ಉತ್ತರ ಬರುತ್ತೆ" ಎಂದ ಅಣ್ಣ.

ಅವನ ಕಾಲ ಮೇಲಿನ ಚರ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಗಿನ ಹಾಗೇ ಬಿಳಿಚಿಕೊಂಡಿತ್ತು. ಅತ್ತಿಗೆಗೆ ಆಗುವುದಿಲ್ಲ ಎಂದ ಬಾಯಲ್ಲಿ ಇವನಿಗೆ ಆ ಮಾತು ಬರಲಿಲ್ಲ. ಗೂಡಿಗೆ ಹೋಗಿ, ನನ್ನ ಬೀಗದ ಕೈಯಿಂದಲೇ ಅವನ ಹೆಸರಿನ ಮುಂದೆ ಹಳೆಯದನ್ನೇ ಇಟ್ಟೆ.

ಅಣ್ಣ ಕೆಲಸದ ಕೋಣೆಗೆ ಬಂದು ಕೂತ. ಒತ್ತಿದ. ತೆರೆಯಿತು. ಕಡತಗಳೂ ತೆರೆದವು. ಅಡುಗೆಮನೆಗೆ ಕೇಳುವ ಹಾಗೆ ಗಟ್ಟಿಯಾಗಿ, ನೋಡು ಕಣೇ ಹಳೆಯದೇ, ನನಗೇ ಭ್ರಮೆ ಎಂದ. ದನಿಯಲ್ಲಿ ನಗು ತುಂಬಲು ಅವನು ಪಟ್ಟ ಪಾಡು ನನಗೊಬ್ಬಳಿಗೇ ಕಂಡಿತು. ಇನ್ನು ಮುಂದೆ ಹೆಂಡತಿಯ ಎದುರು ಅವನು ಆಗಾಗ ಏನಾದರೊಂದನ್ನು ಮರೆಯಬೇಕಾಗುತ್ತದೆ. ಅತ್ತಿಗೆ ಅದನ್ನು ನೆನಪಿಸುವ ನಟನೆ ಮಾಡಬೇಕಾಗುತ್ತದೆ. ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಒಳ್ಳೆಯದನ್ನೇ ಮಾಡುತ್ತಿದ್ದರು, ನನಗೆ ಮಾತ್ರ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅಣ್ಣನ ತೆರೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೈದರೂ ಕೊನೆಗೆ ನನ್ನ ಮಾತು ನಡೆಸಿಕೊಟ್ಟಳು ಎಂದು ಅವರು ತಿಳಿದದ್ದು ಮುಖದಲ್ಲೇ ಇತ್ತು. ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಅಣ್ಣನಿಗೆ ಕಾಣದ ಹಾಗೆ, ನನ್ನ ಭುಜವನ್ನು ಒತ್ತಿ ಹಿಡಿದರು. ಆ ಕೈ ಬಿಡಿಸಿಕೊಳ್ಳಲು ನಾನು ನಿಜ ಹೇಳಬೇಕಿತ್ತು. ಮದುಮಗನ ಹಲ್ಲಿನ ಕಡತ ತೆರೆದು ಕೆಲಸಕ್ಕೆ ತೊಡಗಿದೆ, ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ.